ಅಕ್ಕಸಾಲಿಗ ಬರೆದ ಮುಖಗಳು

ನಿಕೊಲಸ್ ಹಿಲಿಯರ್ಡ್ ಇಂಗ್ಲೆಂಡಿನ ಎಕ್ಸೆಟರ್ ಊರಿನ ಅಕ್ಕಸಾಲಿಗನ ಮಗ. ಲಂಡನ್ನಿಗೆ ಹೋಗಿ ತಾನೂ ಅದೇ ಕಸುಬು ಕಲಿತ, ಕಲಿಸಿದ ಗುರುವಿನ ಮಗಳನ್ನೇ ಮದುವೆಯಾದ. ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಅವನು ಬರೆದ ಕಿರುಭಾವಚಿತ್ರಗಳು ಬಹುಪಾಲು ಅಂಗೈಯೊಳಗೆ ಅಡಗುವಂಥವು. ಜನ ಅವನ್ನು ಡಬ್ಬಿಯಲ್ಲಿ ಜೋಪಾನವಾಗಿಡುತ್ತಿದ್ದರು, ಒಡವೆಯಂತೆ ಮೈಮೇಲೆ ತೊಡುತ್ತಿದ್ದರು.

ಹದಮಾಡಿದ ತೆಳ್ಳನೆಯ ಚರ್ಮವನ್ನು ಗಂಜಿ ಹಚ್ಚಿ ಇಸ್ಪೀಟ್ ಎಲೆಗೆ ಅಂಟಿಸುವುದು ಮೊದಲ ಕೆಲಸ. ಕೆಲವು ಚಿತ್ರಗಳನ್ನು ತಿರುಗಿಸಿ ನೋಡಿದರೆ ಈಗಲೂ ಬೆನ್ನಿಗೆ ಆಟೀನಿನ ಗುರುತು ಕಾಣುತ್ತದೆ! ಮುಖದ ಜಾಗಕ್ಕೆ ಎದುರು ಕೂತವರ ಮೈಬಣ್ಣವನ್ನು ಒಂದೇ ಸಮನೆ ಬಳಿದು, ಅದು ಒಣಗಿದ ಮೇಲೆ ಅಳಿಲಿನ ಕೂದಲ ಕುಂಚದಿಂದ ಕಣ್ಣು, ಹುಬ್ಬು, ತುಟಿ ತಿದ್ದುತ್ತಿದ್ದ. 1600ರ ಸುಮಾರಿಗೆ ಬರೆದ ತನ್ನ ಕೈಪಿಡಿಯಲ್ಲಿ ಕಲಿಯುವವರಿಗೆ ಅವನು ಕೊಟ್ಟ ಎಚ್ಚರಿಕೆಗಳು ಸೊಗಸಾಗಿವೆ: ಎಳೆ ಉದುರದ ರೇಷ್ಮೆ ಬಟ್ಟೆ ತೊಡಿ, ತಲೆಯ ಹೊಟ್ಟು ಬೀಳದಿರಲಿ, ಮಾತಾಡುವಾಗ ಎಂಜಲು ಸಿಡಿಯದಿರಲಿ.

ಅಕ್ಕಸಾಲಿಗನ ಕೈ ಗೊತ್ತಾಗುವುದು ಒಡವೆಗಳಲ್ಲಿ. ಮುತ್ತು ಬೇಕಾದಲ್ಲಿ ದಪ್ಪ ಬಿಳಿಬಣ್ಣದ ಹನಿಯನ್ನು ಉಬ್ಬಿಸಿಟ್ಟು, ಅದರ ನೆತ್ತಿಗೆ ಬೆಳ್ಳಿಯ ಚುಕ್ಕೆ ಇಡುತ್ತಿದ್ದ. ಬೆಳ್ಳಿಗೆ ಮೆರುಗು ಬರಲು ಕಾಡಿನ ಪುಟ್ಟ ಪ್ರಾಣಿಯೊಂದರ ಹಲ್ಲಿನಿಂದ ಉಜ್ಜಬೇಕು. ಕೆಂಪಿನ ಹರಳಿಗಂತೂ ಇನ್ನೂ ಜಾಣ ಉಪಾಯ: ಉಜ್ಜಿದ ಬೆಳ್ಳಿಯ ಮೇಲೆ ಬಣ್ಣ ಕಲಸಿದ ರಾಳವನ್ನು ಕಾದ ಸೂಜಿಯ ಮೊನೆಯಿಂದ ತೊಟ್ಟಿಕ್ಕಿಸುವುದು. ಬೆಳಕು ರಾಳದೊಳಗೆ ಇಳಿದು ಬೆಳ್ಳಿಗೆ ತಾಗಿ ಮರಳುವುದರಿಂದ, ಚಿತ್ರವನ್ನು ಕೈಯಲ್ಲಿ ಓರೆ ಮಾಡಿದರೆ ಹರಳು ಮಿನುಗುತ್ತದೆ.

ಮುಖದ ಮೇಲೆ ನೆರಳು ಕಡಿಮೆ ಎಂದು ಅವನನ್ನು ಆಕ್ಷೇಪಿಸುವವರಿದ್ದಾರೆ. ರಾಣಿಯೇ ನೆರಳಿಲ್ಲದ ಬಯಲು ತೋಟದಲ್ಲಿ ಕೂರಲು ಬಯಸಿದಳೆಂದು ಅವನು ಬರೆದಿದ್ದಾನೆ. ಆಕೆ ಕೇಳದಿದ್ದರೂ ಅವನು ಹಾಗೇ ಬರೆಯುತ್ತಿದ್ದ ಎಂದು ನನಗನಿಸುತ್ತದೆ. ಕಣ್ಣಿನ ಹತ್ತಿರ ಹಿಡಿದು ನೋಡುವ ಚಿತ್ರಕ್ಕೆ ಗಾಢ ನೆರಳು ಬರೀ ಮಸಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ 'ಗುಲಾಬಿಗಳ ನಡುವಿನ ಯುವಕ' ಸುಮಾರು 1587ರದು, ಎತ್ತರ ಹದಿನಾಲ್ಕು ಸೆಂಟಿಮೀಟರೂ ಇಲ್ಲ. ಮರಕ್ಕೊರಗಿ ಎದೆಯ ಮೇಲೆ ಕೈಯಿಟ್ಟ ಹುಡುಗನ ಕಪ್ಪು ನಿಲುವಂಗಿಯ ಮುಂದೆ ಮುಳ್ಳುಬಳ್ಳಿ ಹಾದುಹೋಗಿದೆ. ಅದರ ಒಂದೊಂದು ಬಿಳಿ ಹೂವಿನ ಎಸಳೂ ಬಿಡಿಬಿಡಿ.

ನಾಲ್ಕು ಶತಮಾನದಲ್ಲಿ ಕೆಂಪು ಬಣ್ಣ ಮಾಸಿ ಅವನ ಎಷ್ಟೋ ಮುಖಗಳು ಬಿಳಿಚಿಕೊಂಡಿವೆ, ಬೆಳ್ಳಿಯೂ ಕಪ್ಪಾಗಿದೆ. ರಾಣಿಯ ಮುತ್ತಿನ ಸರದಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಅವು ಹೊಳಪಿನ ಜಾಗಗಳೆಂದೇ ಓದಿಕೊಳ್ಳಬೇಕು.