ಕೈ ಮಸಿಯಾದರೆ ಕಾರು ಪಾಸು!



ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಇಂಜಿನ್ ವಿಷಯದಲ್ಲಿ ಡಿಸ್ಟಿಂಕ್ಷನ್ ಬೇರೆ! ಆದರೆ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಸಾಫ್ಟ್‌ವೇರ್ ಕಂಪನಿಯವರು ಎತ್ತಿಕೊಂಡು ಹೋದ ಮೇಲೆ ಕೈಯಲ್ಲಿ ಮೌಸ್ ಹಿಡಿದೆನೇ ಹೊರತು ಸ್ಪ್ಯಾನರ್ ಹಿಡಿಯಲಿಲ್ಲ. ಹೀಗಿರುವಾಗ ನಮ್ಮ 2009ರ ಕಾರಿನಲ್ಲಿ ಒಂದು ದಿನ 'ಚೆಕ್ ಇಂಜಿನ್' ದೀಪ ಹತ್ತಿಕೊಂಡಿತು.

ಕಾರು ಚೆನ್ನಾಗಿಯೇ ಓಡುತ್ತಿತ್ತು, ನಾನೂ ಕಂಡೂ ಕಾಣದಂತೆ ಇದ್ದೆ. ಅಷ್ಟರಲ್ಲಿ ರಿಜಿಸ್ಟ್ರೇಷನ್ ನವೀಕರಣದ ಪತ್ರ ಬಂತು, ಜೊತೆಗೆ ಸ್ಮಾಗ್ ಟೆಸ್ಟ್ ಆಗಬೇಕೆಂಬ ಸೂಚನೆ. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ತಪ್ಪಿದ್ದಲ್ಲ. ಆ ಹಳದಿ ದೀಪ ಹತ್ತಿದ್ದರೆ ಸೀದಾ ಫೇಲ್. ಗಡುವಿಗೆ ಮೂರು ವಾರ ಇತ್ತು. ಗ್ಯಾರೇಜಿನವರು ನೋಡಿ 'ಆಕ್ಸಿಜನ್ ಸೆನ್ಸರ್ ಹೋಗಿದೆ, 380 ಡಾಲರ್' ಅಂದರು. ಅಪ್ಪ ಅಮ್ಮನನ್ನು ಕರೆಸಿಕೊಂಡ ವಿಮಾನದ ಟಿಕೆಟ್ಟಿನ ಬಿಲ್ಲೇ ಇನ್ನೂ ಕ್ರೆಡಿಟ್ ಕಾರ್ಡಿನಲ್ಲಿ ಕೂತಿತ್ತು!

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು, "ಅಲ್ವೋ, ನಾನು ನಾಲ್ಕು ವರ್ಷ ಫೀಸು ಕಟ್ಟಿದ್ದು ಇದನ್ನೇ ಓದೋಕಲ್ವೇನೋ?" ನನ್ನಾಕೆ ಮುಸಿಮುಸಿ ನಕ್ಕಳು. ನನಗೆ ಅನ್ನ ಇಳಿಯಲಿಲ್ಲ. ಸರಿ, ನಾನೇ ಬದಲಾಯಿಸುತ್ತೇನೆ ಎಂದುಬಿಟ್ಟೆ.

ಮೊದಲು ಈ ಸೆನ್ಸರ್ ಎಂದರೇನು ನೋಡೋಣ. ಹೊಗೆ ಕೊಳವೆಗೆ ತಿರುಗಿಸಿ ಕೂರಿಸಿದ, ಸ್ಪಾರ್ಕ್ ಪ್ಲಗ್ಗಿನಂಥ ಒಂದು ವಸ್ತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯೊಂದಿಗೆ ಹೋಲಿಸಿ, ಸುಮಾರು 0.1ರಿಂದ 0.9 ವೋಲ್ಟ್‌ವರೆಗೆ ಸಂಕೇತ ಕೊಡುತ್ತದೆ. ಪೆಟ್ರೋಲ್ ಹೆಚ್ಚಾದರೆ ವೋಲ್ಟ್ ಏರುತ್ತದೆ, ಗಾಳಿ ಹೆಚ್ಚಾದರೆ ಇಳಿಯುತ್ತದೆ. ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಎಂಬ ಲೆಕ್ಕವನ್ನು ಕಾರಿನ ಕಂಪ್ಯೂಟರ್ ಕಾಪಾಡುವುದು ಇದರ ಮಾತು ಕೇಳಿಯೇ. 1976ರಲ್ಲಿ ಬಾಷ್ ಕಂಪನಿ ಇದನ್ನು ತಯಾರಿಸತೊಡಗಿದಾಗ ಮೊದಲು ಅಳವಡಿಸಿದ್ದು ಕ್ಯಾಲಿಫೋರ್ನಿಯಾಕ್ಕೆ ಬಂದ ವೋಲ್ವೋ ಕಾರುಗಳಲ್ಲಿ. ನಮ್ಮ ರಾಜ್ಯದ ಹೊಗೆ ಕಾನೂನಿನ ಮಹಿಮೆ!

ಸಾಮಾನ್ಯವಾಗಿ ಕೆಟಲಿಟಿಕ್ ಕನ್ವರ್ಟರಿನ ಮುಂದೊಂದು, ಹಿಂದೊಂದು ಸೆನ್ಸರ್ ಇರುತ್ತವೆ. ಹಿಂದಿನದು ಕನ್ವರ್ಟರ್ ಸರಿಯಾಗಿ ದುಡಿಯುತ್ತಿದೆಯೇ ಎಂದು ನೋಡುವ ಸೂಪರ್‌ವೈಸರ್. 1996ರಿಂದ ಈಚಿನ ಅಮೆರಿಕದ ಕಾರುಗಳಲ್ಲೆಲ್ಲ ಸ್ಟೀರಿಂಗ್ ಕೆಳಗೆ ಒಂದು ಸಾಕೆಟ್ ಇದೆ. ಅದಕ್ಕೆ ಇಪ್ಪತ್ತು ಡಾಲರಿನ ಸ್ಕ್ಯಾನರ್ ಸಿಗಿಸಿದೆ. ಪಿ0141 ಎಂದು ಬಂತು. ಅಂದರೆ ಹಿಂದಿನ ಸೆನ್ಸರಿನ ಹೀಟರ್ ದೋಷ. ಸೆನ್ಸರ್ 300 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಮೇಲೇ ಸರಿಯಾಗಿ ಕೆಲಸ ಮಾಡುವುದು, ಬೇಗ ಬಿಸಿಯಾಗಲೆಂದು ಒಳಗೆ ಪುಟ್ಟ ಹೀಟರ್ ಇರುತ್ತದೆ.

ಕೋಡ್ ಬಂದ ಕೂಡಲೇ ಅಂಗಡಿಗೆ ಓಡಬೇಡಿ. ಫ್ಯೂಸ್ ಸುಟ್ಟರೂ ವೈರ್ ಕತ್ತರಿಸಿದರೂ ಇದೇ ಕೋಡ್ ಬರಬಹುದು. ನಾನು ಫ್ಯೂಸ್ ನೋಡಿದೆ, ಸರಿಯಿತ್ತು. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಹೀಟರಿನ ಎರಡು ಪಿನ್ ಅಳೆದೆ. ಕೆಲವೇ ಓಮ್ ತೋರಿಸಬೇಕಾದ ಕಡೆ ಮೀಟರ್ ಅನಂತ ಎಂದಿತು. ಕಳ್ಳ ಸಿಕ್ಕಿಬಿದ್ದ! ನಮ್ಮ ಮಾಡೆಲ್ಲಿಗೇ ಸರಿಹೊಂದುವ ಕನೆಕ್ಟರ್ ಇರುವ ಸೆನ್ಸರ್ 70 ಡಾಲರಿಗೆ ಸಿಕ್ಕಿತು. ವೈರ್ ತೂರಲು ಸೀಳಿರುವ 22 ಮಿ.ಮೀ. ಸಾಕೆಟ್ಟನ್ನು ಬಿಡಿಭಾಗದ ಅಂಗಡಿಯವರು ಡಿಪಾಸಿಟ್ ಇಟ್ಟುಕೊಂಡು ಎರವಲು ಕೊಟ್ಟರು.

ಶುಕ್ರವಾರ ರಾತ್ರಿ, ಕೊಳವೆ ಪೂರ್ತಿ ತಣ್ಣಗಿದ್ದಾಗ, ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿದೆ. ಶನಿವಾರ ಬೆಳಿಗ್ಗೆ ಇಂಜಿನ್ನನ್ನು ಎರಡೇ ನಿಮಿಷ ಓಡಿಸಿ ನಿಲ್ಲಿಸಿದೆ. ಕೊಳವೆ ಸ್ವಲ್ಪ ಬೆಚ್ಚಗಿದ್ದರೆ ಬಿಚ್ಚುವುದು ಸುಲಭ, ಪೂರ್ತಿ ಬಿಸಿಯಾಗಿದ್ದರೆ ಕೈ ಸುಟ್ಟಂತೆಯೇ. ಜಾಕ್ ಹಾಕಿ ಕಾರು ಎತ್ತಿ ಇನ್ನೇನು ಕೆಳಗೆ ನುಸುಳಬೇಕು, ಅಪ್ಪ ಗದರಿದರು, "ಲೋ! ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗ್ತಾರೇನೋ?" ತಪ್ಪು ನನ್ನದೇ. ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಜಾಕ್ ಸ್ಟ್ಯಾಂಡ್ ಇಟ್ಟು, ಕಾರನ್ನು ಅಲ್ಲಾಡಿಸಿ ನೋಡಿದ ಮೇಲೇ ಅವರು ಟಾರ್ಚ್ ಹಿಡಿದದ್ದು. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಸೆನ್ಸರ್ ಮಿಸುಕಲಿಲ್ಲ. ಹತ್ತು ನಿಮಿಷ ಒದ್ದಾಡಿದ ಮೇಲೆ ಅಪ್ಪ ಬಗ್ಗಿ ನೋಡಿ, "ಉಲ್ಟಾ ತಿರುಗಿಸ್ತಾ ಇದ್ದೀಯಲ್ಲೋ" ಎಂದರು. ಅಂಗಾತ ಮಲಗಿದವನಿಗೆ ಎಡಬಲ ತಿಳಿಯದು ನೋಡಿ! ಹಿಡಿಕೆಗೆ ಒಂದು ಕಬ್ಬಿಣದ ಪೈಪ್ ಸಿಗಿಸಿ, ಸರಿಯಾದ ದಿಕ್ಕಿಗೆ ಒತ್ತಿದಾಗ 'ಕಿರ್ರ್' ಎಂದು ಬಿಚ್ಚಿಕೊಂಡಿತು. ಹೊಸದರ ತುದಿಯನ್ನು ಮುಟ್ಟದೆ, ಮೊದಲು ಕೈಯಲ್ಲೇ ತಿರುಗಿಸಿ ಆಮೇಲೆ ಸಾಕೆಟ್ಟಿನಿಂದ ಬಿಗಿಮಾಡಿದೆ. ಮರೆಗೆ ಹಚ್ಚುವ ಪೇಸ್ಟ್ ಕಂಪನಿಯವರೇ ಹಚ್ಚಿದ್ದರು. ವೈರ್ ಬಿಸಿ ಕೊಳವೆಗೆ ತಾಗದಂತೆ ಮೊದಲಿದ್ದ ಕ್ಲಿಪ್ಪಿಗೇ ಸಿಗಿಸಿದೆ.

ಸ್ಕ್ಯಾನರಿನಿಂದ ಕೋಡ್ ಅಳಿಸಿ, ಗೆದ್ದೆನೆಂದು ಸೀದಾ ಸ್ಮಾಗ್ ಟೆಸ್ಟಿಗೆ ಹೋದೆ. ಫೇಲ್! ಕೋಡ್ ಅಳಿಸಿದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಯೂ ಅಳಿಸಿಹೋಗುತ್ತದೆ. 2000ದಿಂದ ಈಚಿನ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ಆವಿಯ ಪರೀಕ್ಷೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿದಿರಬೇಕು. ಅದಕ್ಕೆ ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಬೇಕು. ಗಡುವಿಗೆ ಉಳಿದಿದ್ದು ಒಂಬತ್ತೇ ದಿನ.

ಆ ವಾರ ಪ್ರತಿದಿನ ಸಂಜೆ ಅಪ್ಪ ಪಕ್ಕದಲ್ಲಿ ಕೂತರು. ಒಂದು ದಿನ ಹೈವೇ 17 ಹಿಡಿದು ಸಾಂತಾ ಕ್ರೂಜ್‌ವರೆಗೂ ಹೋಗಿ ಸಮುದ್ರ ನೋಡಿ ಬಂದೆವು. ಚಿಕ್ಕಂದಿನಲ್ಲಿ ಅವರ ಚೇತಕ್ ಸ್ಕೂಟರಿನ ಪ್ಲಗ್ಗನ್ನು ಉಪ್ಪುಕಾಗದದಲ್ಲಿ ಉಜ್ಜಿಕೊಡುತ್ತಿದ್ದವನು ನಾನೇ ಎಂಬುದನ್ನು ಅವರೇ ನೆನಪಿಸಿದರು. ಬಂದು ಎರಡು ತಿಂಗಳಾಗಿದ್ದರೂ ನಾವಿಬ್ಬರೇ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಗಡುವಿಗೆ ಎರಡು ದಿನ ಇರುವಾಗ ಕಾರು ಪಾಸಾಯಿತು. ಅಪ್ಪ ಸರ್ಟಿಫಿಕೇಟನ್ನು ಕೈಗೆ ತೆಗೆದುಕೊಂಡು ನೋಡಿ, "ಈಗ ಇಂಜಿನಿಯರ್ ಆದೆ ನೋಡು" ಅಂದರು.

ಜಾಕ್ ಸ್ಟ್ಯಾಂಡ್, ಸ್ಕ್ಯಾನರ್ ಎರಡೂ ನಮ್ಮ ಮನೆಯಲ್ಲಿವೆ. ಕೂಟದ ಯಾರಿಗೆ ಬೇಕಾದರೂ ಕೊಡುತ್ತೇನೆ. ಟಾರ್ಚ್ ಹಿಡಿಯಲು ಮಾತ್ರ ನಿಮ್ಮ ಅಪ್ಪನನ್ನೇ ಕರೆಯಿರಿ!