ಸೋಮವಾರದ ಹೊಟ್ಟೆನೋವು

ಡೊಂಬಿವಲಿಯ ಯಾವುದಾದರೊಂದು ಕನ್ನಡ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬೆಳಗಿನ ಆರೂವರೆ ಗಂಟೆ. ತಂದೆಗೆ ಲೋಕಲ್ ಗಾಡಿ ಹಿಡಿಯುವ ಅವಸರ; ತಾಯಿಗೆ ಡಬ್ಬಿ ಕಟ್ಟುವ ಆತುರ, ಆಕೆಯೂ ಕಛೇರಿಗೆ ಹೊರಡಬೇಕು. ಅಂತಹ ಹೊತ್ತಿನಲ್ಲೇ ಎಂಟು ವರ್ಷದ ಮಗ ಹೊಕ್ಕುಳ ಮೇಲೆ ಕೈಯಿಟ್ಟು, “ಅಮ್ಮಾ, ಹೊಟ್ಟೆನೋವು” ಎಂದು ಮುದುಡಿ ಕುಳಿತುಬಿಡುತ್ತಾನೆ. ಹತ್ತು ಗಂಟೆಯ ವೇಳೆಗೆ ನೋವು ಮಾಯ. ಭಾನುವಾರ ಅದರ ಸುಳಿವೇ ಇರಲಿಲ್ಲ. “ಶಾಲೆ ತಪ್ಪಿಸುವ ಕಳ್ಳಾಟ” ಎಂದು ತಂದೆಯ ತೀರ್ಪು. “ದೃಷ್ಟಿಯಾಗಿದೆ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕಮ್ಮ” ಎಂದು ಊರಿನಿಂದ ಅಜ್ಜಿಯ ದೂರವಾಣಿ.

ಮಕ್ಕಳನ್ನು ಸಾಕಲು ಬೇಕಾದ ಕೌಶಲಗಳಾವುವು ಎಂದು ಕೇಳಿದರೆ ಶಿಸ್ತು, ಸಹನೆ, ಪೌಷ್ಟಿಕ ಆಹಾರ ಎಂಬ ಪಟ್ಟಿ ಸುಲಭವಾಗಿ ಬಂದೀತು. ಆದರೆ ಇವೆಲ್ಲವುಗಳ ತಳದಲ್ಲಿರುವುದು ಮಗುವಿನ ಮಾತನ್ನು ಕೇಳಿಸಿಕೊಳ್ಳುವ ಕೌಶಲ. ಮಗುವಿಗೆ ತನ್ನ ಅಂಜಿಕೆಯನ್ನು ಹೇಳಲು ಶಬ್ದಗಳು ಸಾಲದೆ ಹೋದಾಗ ಅದರ ಪರವಾಗಿ ದೇಹವೇ ಮಾತನಾಡತೊಡಗುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ವೈದ್ಯ ಜಾನ್ ಆಪ್ಲಿಯವರು ತಮ್ಮ ಸಹೋದ್ಯೋಗಿ ನೈಶ್ ಅವರೊಡನೆ ಸಾವಿರ ಶಾಲಾಮಕ್ಕಳನ್ನು ಕುರಿತು ನಡೆಸಿದ ಸಮೀಕ್ಷೆಯನ್ನು 1958ರಲ್ಲಿ ಪ್ರಕಟಿಸಿದರು. ಸುಮಾರು ಹತ್ತು ಮಕ್ಕಳಲ್ಲಿ ಒಂದಕ್ಕೆ ಮರುಕಳಿಸುವ ಹೊಟ್ಟೆನೋವಿದ್ದುದು ಅದರಿಂದ ತಿಳಿದುಬಂತು. ಮೂರು ತಿಂಗಳ ಅವಧಿಯಲ್ಲಿ ಕನಿಷ್ಠ ಮೂರು ಬಾರಿ, ಮಗುವಿನ ದೈನಂದಿನ ಚಟುವಟಿಕೆಗೆ ಅಡ್ಡಿಯಾಗುವಷ್ಟು ನೋವು ಬರಬೇಕು ಎಂಬುದು ಅವರಿಟ್ಟುಕೊಂಡ ಅಳತೆಗೋಲು. ಇಂತಹ ಮಕ್ಕಳಲ್ಲಿ ಬಹುಪಾಲು ಮಂದಿಗೆ ಉದರದಲ್ಲಿ ಯಾವ ರೋಗವೂ ಕಾಣಸಿಗುವುದಿಲ್ಲ. ನೋವು ಹೊಕ್ಕುಳಿನಿಂದ ದೂರ ಸರಿದಷ್ಟೂ ರೋಗದ ಸಂಭವ ಹೆಚ್ಚು ಎಂಬ ಆಪ್ಲಿಯವರ ಸೂತ್ರವನ್ನು ವೈದ್ಯರು ಇಂದಿಗೂ ನೆನೆಯುತ್ತಾರೆ.

ರೋಗವಿಲ್ಲವೆಂದರೆ ನೋವು ಸುಳ್ಳೆಂದಲ್ಲ. ಕರುಳಿನ ಗೋಡೆಯಲ್ಲಿ ನರಗಳ ದಟ್ಟವಾದ ಜಾಲವಿದ್ದು, ಮಿದುಳಿನೊಡನೆ ಅದಕ್ಕೆ ಎಡೆಬಿಡದ ಸಂಪರ್ಕವಿದೆ. ಮನಸ್ಸು ಕಳವಳಗೊಂಡಾಗ ಕರುಳಿನ ಚಲನೆ ಬದಲಾಗುತ್ತದೆ. ಸಾಮಾನ್ಯ ಹಿಗ್ಗುವಿಕೆಯೂ ನೋವಾಗಿ ತಟ್ಟುತ್ತದೆ. ಪರೀಕ್ಷೆಯ ದಿನ ಹೊಟ್ಟೆ ತೊಳಸಿದ ಅನುಭವ ಯಾವ ತಂದೆಗಿಲ್ಲ? ಆದ್ದರಿಂದ ‘ಕಳ್ಳಾಟ’ವೆಂಬ ತೀರ್ಪು ಅನ್ಯಾಯದ್ದು.

ಹೀಗಿದ್ದರೂ ಮೊದಲ ಹೆಜ್ಜೆ ವೈದ್ಯರ ಬಳಿಗೇ. ನೋವು ಮಗುವನ್ನು ನಿದ್ರೆಯಿಂದ ಎಬ್ಬಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಇಲ್ಲವೆ ಮತ್ತೆಮತ್ತೆ ವಾಂತಿಯಿದ್ದರೆ ತಡಮಾಡಲಾಗದು. ಹೊಕ್ಕುಳ ಬಳಿ ಹುಟ್ಟಿದ ನೋವು ಕೆಲವು ಗಂಟೆಗಳಲ್ಲಿ ಬಲಗಡೆಯ ಕಿಬ್ಬೊಟ್ಟೆಗೆ ಇಳಿದು ನೆಲೆನಿಂತರೆ ಅದು ಅಪೆಂಡಿಸೈಟಿಸ್ ಇರಬಹುದು. ಆಗ ಅದೇ ದಿನ ಆಸ್ಪತ್ರೆ ಸೇರಬೇಕು. ಅಜ್ಜಿಯ ನಿವಾಳಿಯಿಂದ ಹಾನಿಯಿಲ್ಲ, ಮಗುವಿನ ಮುಂದೆ ಎರಡು ನಿಮಿಷ ಯಾರೋ ನಿಂತಂತಾಯಿತು. ಆದರೆ ‘ಹೊಟ್ಟೆ ಶುದ್ಧಿ’ಗೆಂದು ಹರಳೆಣ್ಣೆ ಕುಡಿಸುವ ಹಳೆಯ ಪದ್ಧತಿ ಇಂತಹ ಸಂದರ್ಭದಲ್ಲಿ ಅಪಾಯವನ್ನೇ ತಂದೀತು.

ಇನ್ನೊಂದು ಕಾರಣ ಅತಿ ಸಾಮಾನ್ಯವಾದರೂ ಮನೆಯವರ ಗಮನಕ್ಕೆ ಬಾರದು: ಮಲಬದ್ಧತೆ. ಶಾಲೆಯ ಶೌಚಾಲಯ ಕೊಳಕೆಂದು ಮಗು ದಿನವಿಡೀ ತಡೆದುಕೊಳ್ಳುತ್ತದೆ. ಅಲ್ಲಿಗೆ ಹೋಗಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ. ಮನೆಗೆ ಮರಳಿದ ನೀರಿನ ಸೀಸೆ ತುಂಬಿಯೇ ಇದ್ದರೆ ಅದೇ ಸಾಕ್ಷಿ. ಸೊಪ್ಪು, ಹಣ್ಣು, ನೀರು, ಮತ್ತು ಬೆಳಗಿನ ತಿಂಡಿಯ ನಂತರ ಅವಸರವಿಲ್ಲದ ಹತ್ತು ನಿಮಿಷ ಇದಕ್ಕೆ ಮನೆಮದ್ದು. ಆ ಹತ್ತು ನಿಮಿಷಕ್ಕಾಗಿ ಮನೆಮಂದಿಯೆಲ್ಲ ಅರ್ಧ ಗಂಟೆ ಮುಂಚೆ ಏಳಬೇಕಾದೀತು.

ಇನ್ನು ಕೇಳುವ ಬಗೆ. “ಶಾಲೆಯಲ್ಲಿ ಏನಾಯಿತು? ನಿಜ ಹೇಳು!” ಎಂಬ ಠಾಣೆಯ ವಿಚಾರಣೆಗೆ ಯಾವ ಮಗುವೂ ಬಾಯಿಬಿಡದು. ಎದುರು ಕೂರಿಸಿ ಕೇಳುವುದಕ್ಕಿಂತ ಜೊತೆಗೆ ಅವರೆಕಾಳು ಸುಲಿಯುವಾಗ, ಮಾರುಕಟ್ಟೆಗೆ ನಡೆಯುವಾಗ ಮಾತು ತಾನಾಗಿ ಹೊರಡುತ್ತದೆ. ಹೊರಟ ಮಾತನ್ನು “ಇಷ್ಟೇ ತಾನೇ! ನಮ್ಮ ಕಾಲದಲ್ಲಿ ಮೂರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆವು” ಎಂದು ತುಂಡರಿಸಬಾರದು. (ಆ ಮೂರು ಮೈಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇರುತ್ತದೆ.) “ನಿನಗೆ ಭಯವಾಯಿತಲ್ಲವೇ” ಎಂದಷ್ಟೇ ಹೇಳಿ ಸುಮ್ಮನಿರುವುದು ಬಹು ಕಷ್ಟದ ಕೆಲಸ. ಗಂಟೆಗೊಮ್ಮೆ “ನೋವು ಹೋಯಿತೇ?” ಎಂದು ಕೇಳುತ್ತಿದ್ದರೂ ನೋವಿನತ್ತಲೇ ಮಗುವಿನ ಚಿತ್ತ ಹರಿಯುತ್ತದೆ. ವೈದ್ಯರು ರೋಗವಿಲ್ಲವೆಂದು ಖಚಿತಪಡಿಸಿದ ಮೇಲೆ ಶಾಲೆ ಬಿಡಿಸುವುದೂ ಸಲ್ಲದು. ಬಿಟ್ಟಷ್ಟು ದಿನವೂ ಮರಳುವ ಭಯ ಹೆಚ್ಚುತ್ತದೆ.

ಇದು ತಾಯಿಯೊಬ್ಬಳ ಕೆಲಸವೆಂಬ ಭಾವನೆಯನ್ನು ಗಿಜುಭಾಯಿ ಬಧೇಕಾ ಅವರು ಎಂದೋ ಮುರಿದರು. ವಕೀಲರಾಗಿದ್ದ ಅವರು ತಮ್ಮ ಮಗ ಹುಟ್ಟಿದ ಮೇಲೆ ಮಕ್ಕಳ ಶಿಕ್ಷಣದತ್ತ ಹೊರಳಿ, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಗುಜರಾತಿನ ಜನ ಅವರನ್ನು ಅಕ್ಕರೆಯಿಂದ ‘ಮೀಸೆಯುಳ್ಳ ತಾಯಿ’ ಎಂದು ಕರೆದರು.

ಮಗುವಿನ ಅಂಜಿಕೆಗೆ ಶಾಲೆಯಲ್ಲಿ ಏಟು ಅಥವಾ ಹೀಯಾಳಿಕೆ ಕಾರಣವಾಗಿದ್ದರೆ ಪಾಲಕರು ಮೌನವಾಗಿರಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಅನೇಕ ಸಲ ಕಾರಣ ಅಷ್ಟು ದೊಡ್ಡದಾಗಿರುವುದೂ ಇಲ್ಲ. ಡೊಂಬಿವಲಿಯ ಆ ಹುಡುಗನ ಸೋಮವಾರದ ಮೊದಲ ಪಾಠ ಮರಾಠಿಯದೆನ್ನಿ. ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಮರಾಠಿಯ ಚ, ಜ ಅಕ್ಷರಗಳಿಗೆ ಎರಡೆರಡು ಉಚ್ಚಾರಣೆ. ಕನ್ನಡದ ನಾಲಗೆ ತಡವರಿಸುತ್ತದೆ, ಹಿಂದಿನ ಬೆಂಚಿನಿಂದ ನಗು. ಇದಿಷ್ಟು ಹೊರಬರಲು ಮೂರು ಸಂಜೆಗಳು ಬೇಕಾಗಬಹುದು. ಆಮೇಲೆ ತಾಯಿ ಶಿಕ್ಷಕಿಯನ್ನು ಕಂಡು ಎರಡು ಮಾತು ಆಡಬೇಕು. ತಂದೆಯಾದವರು, ಇಪ್ಪತ್ತು ವರ್ಷ ಮುಂಬಯಿಯಲ್ಲಿದ್ದೂ ಮರಾಠಿಯ ನಿಲ್ದಾಣ ಫಲಕಗಳಾಚೆಗೆ ಓದದವರು, ಭಾನುವಾರ ಸಂಜೆ ಮಗನ ಪಕ್ಕದಲ್ಲಿ ಕುಳಿತು ಅದೇ ಪಾಠವನ್ನು ಗಟ್ಟಿಯಾಗಿ ಓದಿ, ಅವನಿಂದಲೇ ನಾಲ್ಕು ಕಡೆ ತಿದ್ದಿಸಿಕೊಳ್ಳಬೇಕು.