ಮಣ್ಣು ನೋಡಿ ಗಾಡಿ, ಮನೆಮಂದಿ ನೋಡಿ ಸೀಟು



ಒಂದು ಕಾಲದಲ್ಲಿ ಟೆಕ್ಸಾಸಿನ ಕನ್ನಡಿಗರು ನಾಲ್ಕು ಜನ ಸೇರಿದರೆ ಗ್ರೀನ್ ಕಾರ್ಡು, ಮಾರ್ಟ್‌ಗೇಜು, ಮಕ್ಕಳ ಸ್ಕೂಲು, ಇಷ್ಟೇ ಮಾತು. ಈಗ ಯುಗಾದಿ ಊಟದ ಸಾಲಿನಲ್ಲಿ ಕೇಳಿಬರುವ ಹೊಸ ಪ್ರಶ್ನೆ: "ಎಷ್ಟು ಎಕರೆ ತಗೊಂಡ್ರಿ?" ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ನಮ್ಮವರು ಊರಾಚೆ ಐದೋ ಹತ್ತೋ ಎಕರೆ ಕೊಂಡು ದನ, ಮೇಕೆ, ಜೇನು, ಹುಲ್ಲು ಅಂತ ಶನಿವಾರದ ರೈತರಾಗುತ್ತಿದ್ದಾರೆ. ಜಮೀನು ಕೊಂಡ ಮರುವಾರವೇ ಎರಡನೇ ಪ್ರಶ್ನೆ: "ಯಾವ ಎಟಿವಿ ತಗೋಬೇಕು?"

ಡಾಲಸ್‌ನ ದಕ್ಷಿಣಕ್ಕೆ ಎನಿಸ್ ಹತ್ತಿರ ನಮ್ಮದೂ 11 ಎಕರೆ ಇದೆ. ಆರು ವರ್ಷದಿಂದ ಎಟಿವಿ ಓಡಿಸುತ್ತಿರುವುದರಿಂದ ಈ ಪ್ರಶ್ನೆ ಆಗಾಗ ನನ್ನ ಬಳಿ ಬರುತ್ತದೆ. ನಾನು ಹೇಳುವ ಉತ್ತರ ಬ್ರ್ಯಾಂಡಿನಿಂದ ಶುರುವಾಗುವುದಿಲ್ಲ. ಮೊದಲು ಮಣ್ಣು, ಆಮೇಲೆ ಕೆಲಸ, ಕೊನೆಗೆ (ಇದೇ ಎಲ್ಲಕ್ಕಿಂತ ಮುಖ್ಯ) ಅದರ ಮೇಲೆ ಕೂರುವವರು ಯಾರು ಎಂಬುದು.

ಮೂರು ಊರು, ಮೂರು ಮಣ್ಣು

ನಾನು ಗದಗದ ಕಡೆಯವನು. ಎನಿಸ್‌ನಲ್ಲಿ ಮೊದಲ ಸಲ ಮಣ್ಣು ಕೈಗೆತ್ತಿಕೊಂಡಾಗ ಊರೇ ನೆನಪಾಯಿತು, ಅದೇ ಕಪ್ಪು ಎರೆ ಮಣ್ಣು! ಡಾಲಸ್‌ನಿಂದ ವೇಕೋ, ಆಸ್ಟಿನ್ ಮೂಲಕ ಸ್ಯಾನ್ ಆಂಟೋನಿಯೋವರೆಗೆ ಹಬ್ಬಿರುವ ಈ ಪಟ್ಟಿಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎಂದು ಹೆಸರು. ಟೆಕ್ಸಾಸಿನ ರಾಜ್ಯ ಮಣ್ಣು 'ಹ್ಯೂಸ್ಟನ್ ಬ್ಲ್ಯಾಕ್' ಇರುವುದೂ ಇಲ್ಲೇ. ಹೆಸರು ಹ್ಯೂಸ್ಟನ್‌ದು, ವಾಸ ನಮ್ಮ ಕಡೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಂದರೆ ಅಂಟು. ಎರೆ ಹೊಲದಲ್ಲಿ ಚಕ್ಕಡಿ ಹೂತದ್ದನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಇಲ್ಲಿ ಫೋರ್ ವೀಲ್ ಡ್ರೈವ್ ಬೇಕೇ ಬೇಕು. ಟೈರಿನ ಗಟ್ಟುಗಳ ನಡುವೆ ಅಂತರ ಹೆಚ್ಚಿರಬೇಕು, ಇಲ್ಲದಿದ್ದರೆ ಜಿಗುಟು ಮಣ್ಣು ತುಂಬಿಕೊಂಡು ಟೈರು ಉಂಡೆಯಾಗಿಬಿಡುತ್ತದೆ. ಹೊಲ ಹದಕ್ಕೆ ಬರುವವರೆಗೆ ಎರಡು ದಿನ ಕಾಯುವುದು ಇನ್ನೂ ಒಳ್ಳೆಯದು.

ಹ್ಯೂಸ್ಟನ್‌ನ ಪಶ್ಚಿಮಕ್ಕೆ ವಾಲರ್, ಕೇಟಿ ಕಡೆ ನೆಲ ಅಂಗೈಯಂತೆ ಚಪ್ಪಟೆ. ಒಂದು ಕಾಲದಲ್ಲಿ ಭತ್ತ ಬೆಳೆದ ಸೀಮೆ ಅದು. ನೀರು ನಿಂತರೆ ಬೇಗ ಇಳಿಯುವುದಿಲ್ಲ. ಅಲ್ಲಿಯವರು ವಿಂಚ್ ಹಾಕಿಸಿಕೊಳ್ಳಿ. ಗಾಡಿ ಹೂತರೆ ಹಗ್ಗ ಕಟ್ಟಿ ಎಳೆಯಲು ಶನಿವಾರ ಪಕ್ಕದ ಹೊಲದಲ್ಲಿ ಯಾರೂ ಸಿಗುವುದಿಲ್ಲ.

ಆಸ್ಟಿನ್ ದಾಟಿ ಪಶ್ಚಿಮಕ್ಕೆ ಡ್ರಿಪ್ಪಿಂಗ್ ಸ್ಪ್ರಿಂಗ್ಸ್, ಮಾರ್ಬಲ್ ಫಾಲ್ಸ್ ಕಡೆ ಕಥೆಯೇ ಬೇರೆ. ಸುಣ್ಣಕಲ್ಲಿನ ಗುಡ್ಡ, ಮೇಲೆ ಗೇಣುದ್ದ ಮಣ್ಣು. ಅದರ ಜೊತೆಗೆ ಮೆಸ್ಕೀಟ್ ಮುಳ್ಳು! ಇದು ನಮ್ಮ ಬಳ್ಳಾರಿ ಜಾಲಿಯ ದಾಯಾದಿಯೇ, ಚುಚ್ಚುವುದರಲ್ಲೂ ಅದೇ ವಂಶ. ಆರು ಅಥವಾ ಎಂಟು ಪ್ಲೈ ಟೈರು, ಪಂಕ್ಚರ್ ಕಿಟ್, ಸಣ್ಣ ಪಂಪು ಸದಾ ಜೊತೆಗಿರಲಿ. ಹಿಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್ ಇದ್ದರೆ ಕಲ್ಲಿನ ಮೇಲೆ ಸೊಂಟ ಉಳಿಯುತ್ತದೆ.

ಕೆಲಸದ ಲೆಕ್ಕ

ಬೇಲಿ ಸುತ್ತುವುದು, ಮೇವಿನ ಚೀಲ ಸಾಗಿಸುವುದು, ಕಳೆಗೆ ಔಷಧಿ ಹೊಡೆಯುವುದು, ಸಣ್ಣ ಟ್ರೇಲರ್ ಎಳೆಯುವುದು, ಹತ್ತು ಎಕರೆಯವರ ಕೆಲಸ ಹೆಚ್ಚುಕಡಿಮೆ ಇಷ್ಟೇ. ಇದಕ್ಕೆ 400ರಿಂದ 570 ಸಿಸಿ ಧಾರಾಳವಾಗಿ ಸಾಕು. 1000 ಸಿಸಿ ಗಾಡಿ ನೋಡಲು ಚೆಂದ, ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ!

ಮರೆಯಬಾರದ ಲೆಕ್ಕ ತೂಕದ್ದು. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್. 25 ಗ್ಯಾಲನ್ ಸ್ಪ್ರೇಯರ್ ತುಂಬಿಸಿದರೆ ನೀರೇ 208 ಪೌಂಡ್. ಈ ದರ್ಜೆಯ ಅನೇಕ ಗಾಡಿಗಳ ಹಿಂದಿನ ರ್ಯಾಕ್ ಅಷ್ಟು ಹೊರುವುದಿಲ್ಲ. ಹೊತ್ತರೂ ಭಾರ ಎತ್ತರದಲ್ಲಿ ಕುಳಿತು, ನೀರು ಅಲುಗಾಡಿ, ಇಳಿಜಾರಿನಲ್ಲಿ ಗಾಡಿ ಮಗುಚಲು ದಾರಿಯಾಗುತ್ತದೆ. 15 ಗ್ಯಾಲನ್ ಟ್ಯಾಂಕ್ ಆದರೆ ನೀರು 125 ಪೌಂಡ್; ಅಷ್ಟಕ್ಕಾದರೂ ರ್ಯಾಕಿನ ಮಿತಿ ಓದಿಯೇ ಹಾಕಿ. ಅದಕ್ಕಿಂತ ದೊಡ್ಡದು ಬೇಕಾದರೆ ಚಕ್ರವಿರುವ ಸ್ಪ್ರೇಯರನ್ನು ಹಿಂದೆ ಎಳೆಯುವುದೇ ಸರಿ.

ಗೇರಿನ ವಿಷಯ. ಹೋಂಡಾದ ರ‍್ಯಾಂಚರ್, ಫೋರ್‌ಮನ್ ಗಾಡಿಗಳಲ್ಲಿ ನಿಜವಾದ ಗೇರುಗಳಿವೆ. ಪೊಲಾರಿಸ್ ಸ್ಪೋರ್ಟ್ಸ್‌ಮನ್, ಯಮಹಾ ಕೋಡಿಯಾಕ್, ಕ್ಯಾನ್-ಆಮ್ ಔಟ್‌ಲ್ಯಾಂಡರ್, ಸುಜುಕಿ ಕಿಂಗ್‌ಕ್ವಾಡ್ ಬೆಲ್ಟಿನ ಮೇಲೆ ನಡೆಯುತ್ತವೆ. ಬೆಲ್ಟಿನ ಗಾಡಿ ಸ್ಕೂಟಿ ಇದ್ದಂತೆ, ಆಕ್ಸಿಲರೇಟರ್ ಒತ್ತಿದರೆ ಸಾಕು. ಆದರೆ ಭಾರ ಎಳೆಯುವಾಗ 'ಲೋ'ದಲ್ಲಿ ಹಾಕುವುದನ್ನು ಮರೆತರೆ ಬೆಲ್ಟು ಬಿಸಿಯಾಗಿ ಹಾಳಾಗುತ್ತದೆ. ನಿಧಾನವಾಗಿ ಭಾರ ಎಳೆಯುವ ಕೆಲಸವೇ ಹೆಚ್ಚಿದ್ದರೆ ಗೇರು, ಓಡಾಟ ಹೆಚ್ಚಿದ್ದರೆ ಬೆಲ್ಟು, ಇದು ನನ್ನ ಸೂತ್ರ. ಐವತ್ತು ದಾಟಿದವರು ಪವರ್ ಸ್ಟಿಯರಿಂಗಿಗೆ ಕೊಡುವ ಹಣವನ್ನು ಉಳಿಸಲು ಹೋಗಬೇಡಿ, ಭುಜ ಹರಸುತ್ತದೆ.

ಸೀಟು ಉದ್ದ ಇದೆ ಅಂತ...

ಹ್ಯೂಸ್ಟನ್ ಕಡೆಯ ಗೆಳೆಯರೊಬ್ಬರು ಕೇಳಿದರು: "ಅಣ್ಣಾ, ಹಿಂದೆ ಮಕ್ಕಳು ಕೂತರೆ ಏನಾಗುತ್ತೆ? ಊರಲ್ಲಿ ಒಂದೇ ಸ್ಕೂಟರ್ ಮೇಲೆ ನಾವು ನಾಲ್ಕು ಜನ ಸಿನಿಮಾಕ್ಕೆ ಹೋಗ್ತಿರ್ಲಿಲ್ವಾ?"

ಈ ಪ್ರಶ್ನೆಗಾಗಿಯೇ ನಾನು ಈ ಲೇಖನ ಬರೆದದ್ದು ಅಂದರೂ ತಪ್ಪಿಲ್ಲ. ಎಟಿವಿಯ ಸೀಟು ಉದ್ದ ಇರುವುದು ಎರಡನೆಯವರಿಗಾಗಿ ಅಲ್ಲ. ಏರಿನಲ್ಲಿ ಮುಂದೆ, ಇಳಿಜಾರಿನಲ್ಲಿ ಹಿಂದೆ, ತಿರುವಿನಲ್ಲಿ ಪಕ್ಕಕ್ಕೆ ಸವಾರ ತನ್ನ ಮೈ ಸರಿಸಿಕೊಳ್ಳುತ್ತಲೇ ಇರಬೇಕು. ಗಾಡಿಯ ಸಮತೋಲ ಅದರಲ್ಲೇ ಇದೆ. ಹಿಂದೆ ಒಬ್ಬರು ಕೂತರೆ ಸವಾರನಿಗೆ ಸರಿಯಲು ಜಾಗವಿಲ್ಲ, ಭಾರವೂ ಹಿಂದಕ್ಕೆ. ಏರಿನಲ್ಲಿ ಗಾಡಿ ಹಿಮ್ಮುಖವಾಗಿ ಮಗುಚುವುದು ಹೀಗೆಯೇ. ಗಾಡಿಯ ತೂಕ 600 ಪೌಂಡ್ ಆಸುಪಾಸು, ಅದು ಬೀಳುವುದು ಮೈಮೇಲೆ. ಆಫ್-ಹೈವೇ ವಾಹನಗಳಿಂದ ಈ ದೇಶದಲ್ಲಿ ವರ್ಷಕ್ಕೆ ಸರಾಸರಿ 800ಕ್ಕೂ ಹೆಚ್ಚು ಸಾವು, ಸುಮಾರು 1 ಲಕ್ಷ ಮಂದಿಗೆ ತುರ್ತು ಚಿಕಿತ್ಸೆ ಎಂದು ಕನ್ಸ್ಯೂಮರ್ ಪ್ರಾಡಕ್ಟ್ ಸೇಫ್ಟಿ ಕಮಿಷನ್ ಹೇಳುತ್ತದೆ.

ಇದು ಹೊಸ ಎಚ್ಚರಿಕೆಯೂ ಅಲ್ಲ. 1970ರಲ್ಲಿ ಹೋಂಡಾ ಮೂರು ಚಕ್ರದ ಗಾಡಿಯಿಂದ ಅಮೆರಿಕದಲ್ಲಿ ಈ ವ್ಯಾಪಾರ ಶುರುವಾಯಿತು. ಅವು ಮಗುಚಿದ್ದು ಎಷ್ಟೆಂದರೆ 1988ರಲ್ಲಿ ಸರಕಾರದೊಂದಿಗೆ ಒಪ್ಪಂದವಾಗಿ ಕಂಪನಿಗಳು ಮಾರಾಟವನ್ನೇ ನಿಲ್ಲಿಸಿದವು. ನಾಲ್ಕು ಚಕ್ರ ಬಂದ ಮಾತ್ರಕ್ಕೆ ಭೌತಶಾಸ್ತ್ರ ಬದಲಾಗಿಲ್ಲ.

ದೊಡ್ಡವರ ಎಟಿವಿಯನ್ನು 16 ವರ್ಷದೊಳಗಿನವರು ಓಡಿಸಬಾರದು ಎಂದು ತಯಾರಕರೇ ಗಾಡಿಯ ಮೇಲೆ ಬರೆದು ಅಂಟಿಸಿರುತ್ತಾರೆ. ಮಕ್ಕಳ ವೈದ್ಯರ ಅಕಾಡೆಮಿಯಂತೂ 16ರೊಳಗೆ ಯಾವ ಎಟಿವಿಯೂ ಬೇಡ ಎನ್ನುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಹೊಲ ತೋರಿಸಬೇಕು, ಮಕ್ಕಳನ್ನೂ ಕರೆದೊಯ್ಯಬೇಕು ಎನ್ನುವ ಮನೆಗೆ ಬೇಕಾದದ್ದು ಎಟಿವಿಯಲ್ಲ, ಸೈಡ್-ಬೈ-ಸೈಡ್. ಕವಾಸಾಕಿ ಮ್ಯೂಲ್, ಪೊಲಾರಿಸ್ ರೇಂಜರ್ ಇತ್ಯಾದಿ. ಕಾರಿನಂತೆ ಸ್ಟಿಯರಿಂಗು, ಸೀಟು ಬೆಲ್ಟು, ಸುತ್ತ ಕಬ್ಬಿಣದ ಪಂಜರ, ಹಿಂದೆ ಸಾಮಾನಿನ ತೊಟ್ಟಿ. ಇದರ ಬೆಲೆ ಸಾಮಾನ್ಯವಾಗಿ ಎಟಿವಿಗಿಂತ ಹೆಚ್ಚು, ನಿಜ. ಆದರೆ ಮಕ್ಕಳ ಕಾಲು ನೆಲಕ್ಕೆ ಒತ್ತಿ ಬೆಲ್ಟು ಸರಿಯಾಗಿ ಕೂರುವಂತಾದ ಮೇಲೇ ಅದರಲ್ಲೂ ಕೂರಿಸಿ.

ವಾರಾಂತ್ಯದ ಸುತ್ತಾಟ

ಹ್ಯೂಸ್ಟನ್‌ನವರಿಗೆ ಉತ್ತರದಲ್ಲಿ ಸ್ಯಾಮ್ ಹ್ಯೂಸ್ಟನ್ ನ್ಯಾಷನಲ್ ಫಾರೆಸ್ಟಿನ ದಾರಿಗಳಿವೆ. ಮಳೆಯಾದರೆ ಮುಚ್ಚುತ್ತಾರೆ, ಗಾಡಿಯ ಅಗಲಕ್ಕೂ ಮಿತಿ ಇದೆ, ಹೊರಡುವ ಮುನ್ನ ರೇಂಜರ್ ಕಚೇರಿಗೆ ಫೋನ್ ಮಾಡಿ. ಡಾಲಸ್‌ನವರಿಗೆ ಪೂರ್ವದಲ್ಲಿ ಗಿಲ್ಮರ್ ಬಳಿ ಬಾರ್ನ್‌ವೆಲ್ ಮೌಂಟನ್, ಆಸ್ಟಿನ್‌ನವರಿಗೆ ಮಾರ್ಬಲ್ ಫಾಲ್ಸ್ ಹತ್ತಿರ ಹಿಡನ್ ಫಾಲ್ಸ್. ಸಾರ್ವಜನಿಕ ಜಾಗದಲ್ಲಿ ಓಡಿಸಲು ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಆಫ್-ಹೈವೇ ಸ್ಟಿಕ್ಕರ್ ಬೇಕು. ಎಟಿವಿಗೆ ಹೆಲ್ಮೆಟ್, ಕಣ್ಣಿಗೆ ರಕ್ಷಣೆ ಕಡ್ಡಾಯ. 14 ವರ್ಷದೊಳಗಿನವರ ಜೊತೆ ದೊಡ್ಡವರು ಇರಲೇಬೇಕು. ಸ್ವಂತ ಹೊಲದಲ್ಲಿ ಕಾನೂನು ಇಷ್ಟು ಕೇಳುವುದಿಲ್ಲ, ಆದರೆ ತಲೆ ಎರಡೂ ಕಡೆ ಒಂದೇ! ಎಟಿವಿ ಸೇಫ್ಟಿ ಇನ್‌ಸ್ಟಿಟ್ಯೂಟ್ ನಡೆಸುವ ಒಂದು ದಿನದೊಳಗಿನ ತರಬೇತಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ ಬನ್ನಿ.

ದುಡ್ಡಿನ ಕೊನೆಯ ಮಾತು

ಆಸ್ತಿ ತೆರಿಗೆಯ ಆಗ್ ವ್ಯಾಲ್ಯುಯೇಷನ್ ಬೇರೆ, ಸೇಲ್ಸ್ ಟ್ಯಾಕ್ಸ್ ಉಳಿಸುವ ಆಗ್/ಟಿಂಬರ್ ನಂಬರ್ ಬೇರೆ. ಅನೇಕರು ಎರಡನ್ನೂ ಬೆರೆಸುತ್ತಾರೆ. ಮಾರಾಟಕ್ಕೆ ಬೆಳೆಯುವ ಕೃಷಿಗೆಂದೇ ಬಳಸುವ ಯಂತ್ರಕ್ಕೆ ಮಾತ್ರ ಆ ವಿನಾಯಿತಿ. ಭಾನುವಾರ ಮೋಜಿಗೂ ಓಡಿಸುವ ಗಾಡಿ ಅಂದರೆ 8.25 ಶೇಕಡಾವರೆಗಿನ ತೆರಿಗೆ ಕಟ್ಟಿಬಿಡಿ, ನಿದ್ದೆ ಚೆನ್ನಾಗಿ ಬರುತ್ತದೆ. ಬೆಲೆ ಕೇಳುವಾಗ ಸಾಗಣೆ, ಜೋಡಣೆ, ಕಾಗದಪತ್ರದ ಖರ್ಚೆಲ್ಲ ಸೇರಿದ ಮೊತ್ತವನ್ನೇ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಟೈಟಲ್ ಇಲ್ಲದೆ ಹಣ ಕೊಡಬೇಡಿ. ಎರಡು ಗಾಡಿ ಸಮಸಮ ಅನಿಸಿದರೆ ಹತ್ತಿರದಲ್ಲಿ ರಿಪೇರಿ ಅಂಗಡಿ ಇರುವುದನ್ನು ತನ್ನಿ.

ಒಬ್ಬರೇ ದುಡಿಯುವ ಹೊಲಕ್ಕೆ 400-500 ಸಿಸಿ ಎಟಿವಿ, ಮನೆಮಂದಿ ಕೂರುವ ಹೊಲಕ್ಕೆ ಸೈಡ್-ಬೈ-ಸೈಡ್. ಅನುಮಾನವಿದ್ದರೆ ಒಂದು ಶನಿವಾರ ನಮ್ಮ ಹೊಲಕ್ಕೆ ಬನ್ನಿ, ಓಡಿಸಿ ನೋಡಿ. ಚಹಾ, ಚುರುಮುರಿ ನಮ್ಮದು, ಹೆಲ್ಮೆಟ್ ನಿಮ್ಮದು!